ಮುಚ್ಚಳದ ಕೆಳಗಿನ ದಾರ

ಹೊಳೆಯ ದಂಡೆಯ ಆ ಆಶ್ರಮದಲ್ಲಿ ಎರಡಕ್ಕೆ ಎಂದೂ ಕೊರತೆ ಇರಲಿಲ್ಲ. ಒಂದು ಹುಲ್ಲು, ಇನ್ನೊಂದು ಅಡವಯ್ಯನ ಸಂಶಯ.

ಹುಲ್ಲು ಬೆಳೆಯಲು ಮಳೆ ಬೇಕಿತ್ತು. ಸಂಶಯಕ್ಕೆ ಅದೂ ಬೇಕಿರಲಿಲ್ಲ.

ಅಡವಯ್ಯ ಗುರುಗಳ ಶಿಷ್ಯ. ವಯಸ್ಸು ಮೂವತ್ತೈದು ದಾಟಿತ್ತು. ಉಗ್ರಾಣದ ಕೀಲಿಕೈ ಸದಾ ಅವನ ಸೊಂಟದಲ್ಲಿ. ಕೆಟ್ಟವನೇನಲ್ಲ. ಆದರೆ ಹಾಲು ಸ್ವಲ್ಪ ತೆಳ್ಳಗೆ ಕಂಡರೆ ಎಮ್ಮೆಯನ್ನೂ ನಂಬುತ್ತಿರಲಿಲ್ಲ.

ಹುಲ್ಲು ಕೊಯ್ಯುವವನು ಯಮನಪ್ಪ. ಮೂರು ವರ್ಷದ ಹಿಂದೆ ಹೊಳೆಯಾಚೆಯಿಂದ ಬಂದು ಪ್ರಸಾದಕ್ಕೆ ಕುಳಿತಿದ್ದ. ಉಂಡು ಎದ್ದವನು ಕಸಬರಿಗೆ ಹಿಡಿದ, ಅಲ್ಲೇ ಉಳಿದುಬಿಟ್ಟ. ಅರವತ್ತರ ಹತ್ತಿರದ ಮನುಷ್ಯ, ಮಾತು ಕಡಿಮೆ. ಊರು ಯಾವುದು, ಹಿಂದೆ ಮುಂದೆ ಯಾರಿದ್ದಾರೆ ಎಂದು ಗುರುಗಳು ಕೇಳಿರಲಿಲ್ಲ. ಹೋಗಲು ಅವನಿಗೆ ಬೇರೆ ಜಾಗ ಇಲ್ಲ ಎನ್ನುವುದಂತೂ ಎಲ್ಲರಿಗೂ ಗೊತ್ತಿತ್ತು.

ಎರಡು ವರ್ಷದ ಹಿಂದೆ ಭಕ್ತರೊಬ್ಬರು ಹುಲ್ಲು ಕೊಯ್ಯುವ ಪೆಟ್ರೋಲ್ ಮಷೀನು ಕೊಟ್ಟಿದ್ದರು. ಯಮನಪ್ಪ ಅದನ್ನು ಹೆಗಲಿಗೆ ಹಾಕಿಕೊಂಡು ಹಗ್ಗ ಎಳೆದರೆ ಹೊಳೆಯ ಆಚೆ ದಡಕ್ಕೂ ಸಪ್ಪಳ ಕೇಳುತ್ತಿತ್ತು.

ಒಂದು ಬೆಳಗ್ಗೆ ಯಮನಪ್ಪ ಅಡವಯ್ಯನಿಗೆ ನೀರಿನ ತಂಬಿಗೆ ಕೊಟ್ಟ. ಅವನ ಕೈಯಿಂದ ಪೆಟ್ರೋಲಿನ ವಾಸನೆ ಬಂತು.

ಅಡವಯ್ಯನಿಗೆ ಅಷ್ಟೇ ಸಾಕಾಯಿತು. ನೇರ ಗುರುಗಳ ಹತ್ತಿರ ಹೋದ.

“ಅಜ್ಜಾರ, ಯಮನಪ್ಪ ಪೆಟ್ರೋಲ್ ಕದಿಯಾಕತ್ತಾನ.”

ಗುರುಗಳು ಅವರೆಕಾಯಿ ಸುಲಿಯುತ್ತಿದ್ದರು. “ನೋಡಿದೇನು?”

“ನೋಡಿಲ್ರಿ. ಕೈ ನಾರತಾವ.”

“ಮಷೀನಿಗೆ ಏನ್ ಹಾಕ್ತಾನ ಅಂವ?”

“ಪೆಟ್ರೋಲ್ ರಿ.”

“ಮತ್ತ ಕೈಗೆ ಮಲ್ಲಿಗಿ ವಾಸನಿ ಬರಬೇಕಿತ್ತೇನು?”

ಅಡವಯ್ಯ ನಗಲಿಲ್ಲ. ಗುರುಗಳು ಸಾಧು, ಅವರಿಗೆ ಲೋಕ ತಿಳಿಯದು ಅಂದುಕೊಂಡ. ಲೋಕ ತಿಳಿದವನು ತಾನೊಬ್ಬನಾದರೂ ಇದ್ದೇನಲ್ಲ ಎಂದು ಸಮಾಧಾನ ಮಾಡಿಕೊಂಡ.

ಪೆಟ್ರೋಲಿನ ಬಿಳಿ ಕ್ಯಾನು ಕೊಟ್ಟಿಗೆಯ ಕತ್ತಲ ಮೂಲೆಯಲ್ಲಿ ಇರುತ್ತಿತ್ತು. ಅಡವಯ್ಯ ಅದನ್ನು ಎತ್ತಿ ತಂದು ತನ್ನ ಕಿಟಕಿಯ ಎದುರಿನ ಬಯಲು ಕಟ್ಟೆಯ ಮೇಲೆ ಇಟ್ಟ. ಈಗ ಕೂತಲ್ಲಿಂದಲೇ ಕಾಣುತ್ತಿತ್ತು. ಪೆಟ್ರೋಲ್ ಎಲ್ಲಿಯವರೆಗಿದೆಯೋ ಅಲ್ಲಿಗೆ ಇದ್ದಿಲಿನಿಂದ ಗೆರೆ ಎಳೆದ.

ಅದೂ ಸಾಲದು ಅನಿಸಿತು. ತೀರಿಹೋದ ಹಿರಿಯ ಗುರುಗಳ ಸಮಾಧಿ, ಅಂದರೆ ಗದ್ದುಗೆಯಿಂದ ದಪ್ಪ ಕೆಂಪು ದಾರ ತಂದ. ಎರಡೆಳೆ ಮಾಡಿ ಕ್ಯಾನಿನ ಬಾಯಿಗೆ ಅಡ್ಡ ಇಟ್ಟು, ಮೇಲೆ ಮುಚ್ಚಳ ತಿರುಗಿಸಿದ. ಯಾರೇ ಮುಚ್ಚಳ ತೆಗೆದರೂ ದಾರ ಜರುಗಬೇಕು, ಕಳ್ಳ ಸಿಕ್ಕಿಬೀಳಬೇಕು.

ಯಮನಪ್ಪನನ್ನು ಕರೆದ. “ಇನ್ನ ಮ್ಯಾಲೆ ಕ್ಯಾನ್ ಇಲ್ಲೇ ಇರತೈತಿ. ಬೇಕಾದಾಗ ತಗೋ.”

ಯಮನಪ್ಪ ಕ್ಯಾನು ನೋಡಿದ. ಮುಚ್ಚಳವನ್ನು ಇನ್ನೂ ಸ್ವಲ್ಪ ಹೊತ್ತು ನೋಡಿದ. “ಹೂನ್ರಿ ಅಯ್ನೋರ,” ಎಂದು ಹೋದ.

ಮಳೆ ಬಂದು ನಿಂತು, ಬಿಸಿಲು ಚುರುಚುರು ಸುಡುವ ದಿನಗಳು. ಮರುದಿನ ಪೆಟ್ರೋಲ್ ಗೆರೆಗಿಂತ ಅರ್ಧ ಬೆರಳು ಕೆಳಗಿತ್ತು. ಅದರ ಮರುದಿನ ಒಂದು ಬೆರಳು.

ದಾರ ಮಾತ್ರ ಕೂದಲೆಳೆಯಷ್ಟೂ ಜರುಗಿರಲಿಲ್ಲ.

ಅಡವಯ್ಯನ ಎದೆ ಧಸಕ್ಕೆಂದಿತು. ಎಂಥ ಪಳಗಿದ ಕೈ ಇದು!

ಇನ್ನೊಂದು ವಿಚಿತ್ರ. ನಾಲ್ಕು ದಿನದಿಂದ ಮಷೀನಿನ ಸಪ್ಪಳವೇ ಇಲ್ಲ. ಆದರೂ ಗದ್ದುಗೆಯ ಸುತ್ತ ಹುಲ್ಲು ನೀಟಾಗಿ ಕೊಯ್ದಾಗಿತ್ತು. ಹೇಗೆ ಎಂದು ಅಡವಯ್ಯ ಯೋಚಿಸಲಿಲ್ಲ. ಮಷೀನು ಹಚ್ಚಿಲ್ಲ, ಪೆಟ್ರೋಲ್ ಇಳಿದಿದೆ, ಹಾಗಾದರೆ ಹೊರಗೆ ಹೋಗುತ್ತಿದೆ ಎಂದು ತೀರ್ಮಾನಿಸಿದ. ಯಮನಪ್ಪನ ಅಂಗೈಯಲ್ಲಿ ಗುಳ್ಳೆ ಎದ್ದಿದ್ದು ಕಂಡು, ಕ್ಯಾನು ಸಾಗಿಸಿ ಸಾಗಿಸಿ ಬಂದ ಗುಳ್ಳೆ ಅಂದುಕೊಂಡ. ಮಲಗುವ ಹೊತ್ತಿಗೆ ಗೋಡೆಯಾಚೆ ಯಮನಪ್ಪ ಕೆಮ್ಮಿದರೆ, ಹೊರಗಿನವರಿಗೆ ಸನ್ನೆ ಮಾಡುತ್ತಿದ್ದಾನೆ ಎಂದು ಕಿವಿಗೊಟ್ಟು ಕೇಳಿದ.

ಮತ್ತೆ ಗುರುಗಳ ಹತ್ತಿರ ಹೋದ.

“ಅಜ್ಜಾರ, ಪೆಟ್ರೋಲ್ ಮಷೀನು ಬ್ಯಾಡ್ರಿ. ಬ್ಯಾಟರಿದು ಬಂದಾವ. ಅದನ್ನ ತರೋಣು.”

“ಅದು ಚಲೋ ಕೊಯ್ತೈತೇನು?”

“ಗೊತ್ತಿಲ್ರಿ. ಆದ್ರ ಬ್ಯಾಟರಿ ಒಳಗಿಂದ ಯಾರೂ ಕದಿಯಾಕ ಬರೂದಿಲ್ಲ.”

“ಹುಲ್ಲು ಕೊಯ್ಯಾಕ ಕೇಳಾಕತ್ತೀಯೋ, ಕಳ್ಳನ್ನ ಹಿಡಿಯಾಕೋ?”

“ಎರಡಕ್ಕೂ ರಿ.”

“ಆತು, ತರಸು. ಎಂಟು ದಿನ ನೀನ ಕೊಯ್ದು ನೋಡು.”

ಪೇಟೆಯ ಅಂಗಡಿಯವನು ಬ್ಯಾಟರಿ ಮಷೀನು ತಂದು ಇಳಿಸಿದ. ಹೊಗೆ ಇಲ್ಲ, ಸಪ್ಪಳ ಕಡಿಮೆ, ಬ್ಯಾಟರಿ ಒಂದು ಇಟ್ಟಿಗೆಯಷ್ಟು.

“ಗಾಳಿ ಆಡೋ ಕಡೆ ಇಟ್ಟು ಚಾರ್ಜ್ ಮಾಡ್ರಿ. ಬಿಸಿ ಆದ್ರ ಕೆಂಪು ದೀಪ ಮಿಣುಕಿ ಚಾರ್ಜರ್ ತಾನ ನಿಂತು ಬಿಡತೈತಿ. ಒಂಬತ್ತನೇ ದಿನ ಬರ್ತೀನಿ. ಇಟ್ಕೊಳ್ಳೋರೋ ಇಲ್ಲೋ ಹೇಳ್ರಿ.”

ಅಡವಯ್ಯನ ಕಿವಿ ಅತ್ತ ಇರಲಿಲ್ಲ. ಅಂಗಡಿಯವನ ಕಣ್ಣು ಆಶ್ರಮದ ಯಾವ ಯಾವ ಸಾಮಾನಿನ ಮೇಲೆ ಹೋಗುತ್ತಿದೆ ಎಂದು ನೋಡುತ್ತಿದ್ದ.

ಅವನ ಕೋಣೆಯಲ್ಲಿ ಗೋಡೆಯೊಳಗೆ ಒಂದು ಅಲಮಾರಿ. ಒಳಗೇ ಪ್ಲಗ್ ಇತ್ತು. ಚಾರ್ಜರನ್ನೂ ಬ್ಯಾಟರಿಯನ್ನೂ ಅದರಲ್ಲಿಟ್ಟು, ಬಾಗಿಲು ಮುಚ್ಚಿ, ಬೀಗ ಹಾಕಿ ಎರಡು ಸಲ ಜಗ್ಗಿ ನೋಡಿದ.

ಬೆಳಗ್ಗೆ ಮಷೀನು ಹಿಡಿದು ಹುಲ್ಲಿಗೆ ಇಳಿದ. ನಾಲ್ಕು ಸಾಲು ಕೊಯ್ಯುವಷ್ಟರಲ್ಲಿ ಅದು ನಿಂತಿತು.

ಮರುದಿನವೂ ನಾಲ್ಕೇ ಸಾಲು.

ಮೊದಲು ಅಂಗಡಿಯವನ ಮೇಲೆ ಸಂಶಯ ಬಂತು. ಆಮೇಲೆ ಕರೆಂಟಿನವರ ಮೇಲೆ. ಕೊನೆಗೆ ಎಲ್ಲಾ ಸಂಶಯವೂ ಸುತ್ತಿ ಯಮನಪ್ಪನ ಹತ್ತಿರವೇ ಬಂದು ನಿಂತಿತು. ಅವನ ಬಳಿ ಕಳ್ಳ ಕೀಲಿ ಇರಲೇಬೇಕು. ಹಗಲು ತಾನು ಪೂಜೆಗೆ ಕೂತಾಗ ಬಂದು ಪ್ಲಗ್ ಕಿತ್ತು ಹೋಗುತ್ತಿದ್ದಾನೆ.

ಯಮನಪ್ಪನಿಗೆ ಈಗ ಕೆಲಸ ಇರಲಿಲ್ಲ. ಹೊಳೆಯ ಮೆಟ್ಟಿಲ ಮೇಲೆ ಕೈಕಟ್ಟಿ ಕೂತಿರುತ್ತಿದ್ದ. ಏಳನೆಯ ದಿನ ಅಡವಯ್ಯ ಅವನಿಗೆ ಕೇಳುವ ಹಾಗೆಯೇ ಅಡುಗೆಯವರಿಗೆ ಹೇಳಿದ: “ಕೈಚಳಕ ಇದ್ದಾಂವಗ ಬೀಗ ಯಾವ ಲೆಕ್ಕ?”

ಯಮನಪ್ಪ ಅಂದು ಪ್ರಸಾದಕ್ಕೆ ಬರಲಿಲ್ಲ.

ಎಂಟನೆಯ ದಿನ ಮಧ್ಯಾಹ್ನ ಅಡವಯ್ಯ ಗುರುಗಳ ಮುಂದೆ ನಿಂತ. ಕ್ಯಾನು ಅರ್ಧಕ್ಕೆ ಇಳಿದಿತ್ತು, ಅವನ ತಾಳ್ಮೆ ಪೂರ್ತಿ ಮುಗಿದಿತ್ತು.

“ಅಜ್ಜಾರ, ಒಂದೋ ಇಲ್ಲಿ ಅಂವ ಇರಬೇಕು, ಇಲ್ಲಾ ನಾ.”

“ನನಗ ಎಲ್ಲಾ ಹೇಳಿದಿ. ಅಂವನ್ನ ಒಮ್ಮಿ ಕೇಳಿದೇನು?”

“ಕಳ್ಳ ಒಪ್ಕೋತಾನೇನ್ರಿ?”

ಗುರುಗಳು ಕೋಲು ಹಿಡಿದು ಎದ್ದರು. ಅಡವಯ್ಯನನ್ನು ಕಟ್ಟೆಯ ಹತ್ತಿರ ಕರೆದುಕೊಂಡು ಹೋದರು. ಕಲ್ಲು ಕಾದು ಹೆಂಚಾಗಿತ್ತು.

“ಕೂಡು.”

“ಬಿಸಲು ರಿ ಅಜ್ಜಾರ.”

“ಕಾವಲ ಕಾಯಾಂವಗ ಬಿಸಲೇನು? ಕ್ಯಾನಿನ ಬಾಜೂಕ ಕೂಡು.”

ಅಡವಯ್ಯ ಕೂತ. ಗುರುಗಳು ಬೇವಿನ ನೆರಳಿಗೆ ನಿಂತರು. ಸ್ವಲ್ಪ ಹೊತ್ತು ಕಳೆಯಿತು.

“ಏನರ ವಾಸನಿ ಬರಾಕತ್ತೈತೇನು?”

“ಪೆಟ್ರೋಲ್ ರಿ.”

“ಯಮನಪ್ಪ ಇಲ್ಲಿ ಅದಾನೇನು?”

“ಇಲ್ರಿ.”

“ಕ್ಯಾನಿನ ಮುಚ್ಚಳ?”

“ಮುಚ್ಚೇತ್ರಿ.”

“ಮುಚ್ಚಿದ ಕ್ಯಾನಿನ ವಾಸನಿ ನಿನ್ನ ಮೂಗಿಗೆ ಯಾವ ಹಾದೀಲೆ ಬಂತು?”

ಅಡವಯ್ಯ ಬಗ್ಗಿ ನೋಡಿದ. ಮುಚ್ಚಳದ ಕೆಳಗಿಂದ ಕೆಂಪು ದಾರದ ತುದಿ ಇಣುಕುತ್ತಿತ್ತು. ಅದರ ಪಕ್ಕದಲ್ಲಿ ಒಂದು ಇರುವೆ ಹೋಗುವಷ್ಟು ಸಂದು. ಅಲ್ಲಿ ಗಾಳಿ ಸಣ್ಣಗೆ ನಡುಗುತ್ತಿತ್ತು.

ದಾರ ಎಳೆದು ತೆಗೆದ. ಮುಚ್ಚಳ ತಿರುಗಿಸಿದ. ಅದು ಇನ್ನೂ ಅರ್ಧ ಸುತ್ತು ಒಳಗೆ ಹೋಗಿ ಬಿಗಿಯಾಯಿತು. ವಾಸನೆ ಮೆಲ್ಲಗೆ ಕಡಿಮೆಯಾಯಿತು.

“ಯಾರು ಒಯ್ದರೋ ಪೆಟ್ರೋಲ್?”

“ಬಿಸಲು ರಿ.” ಅಡವಯ್ಯನ ದನಿ ಅವನಿಗೇ ಸರಿಯಾಗಿ ಕೇಳಲಿಲ್ಲ.

“ಬಿಸಲಿಗೆ ತಂದು ಇಟ್ಟಾಂವ ಯಾರು? ಬಾಗಲಾ ತೆರೆದು ಕೊಟ್ಟಾಂವ ಯಾರು?”

ಅಡವಯ್ಯ ದಾರವನ್ನು ಮುಷ್ಟಿಯಲ್ಲಿ ಬಿಗಿಹಿಡಿದ.

“ನಡಿ. ಅಲಮಾರಿ ತಗಿ.”

ಅಲಮಾರಿ ತೆರೆದಾಗ ಒಲೆಯ ಬಾಯಿಯಿಂದ ಬಂದ ಹಾಗೆ ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ಚಾರ್ಜರಿನ ಮೇಲೆ ಕೆಂಪು ದೀಪ ಮಿಣಮಿಣ ಅನ್ನುತ್ತಿತ್ತು. ಬೀಗ ತೆಗೆದಾಗಲೆಲ್ಲ ಬ್ಯಾಟರಿ ಕಿತ್ತುಕೊಂಡು ಓಡುವ ಅವಸರದಲ್ಲಿ ಅವನು ಅದನ್ನು ಒಮ್ಮೆಯೂ ನೋಡಿರಲಿಲ್ಲ. ಅಂಗಡಿಯವನ ಮಾತು ಈಗ ಕಿವಿಯೊಳಗೆ ಬಂತು. ಎಂಟು ದಿನವೂ ಬ್ಯಾಟರಿ ಅಲ್ಲಿ ಸೆಕೆಗೆ ಬೆಂದಿತ್ತು, ತುಂಬಿರಲಿಲ್ಲ.

ಅಡವಯ್ಯನಿಗೆ ನಾಚಿಕೆಯಾಯಿತು.

“ಯಮನಪ್ಪ ಎಲ್ಲಿ ಅದಾನ್ರಿ, ಅಜ್ಜಾರ?”

“ನೀ ಬರೂ ಸ್ವಲ್ಪ ಮೊದಲ ನನ್ನ ಕಾಲಿಗೆ ಬಿದ್ದು ಹೋದ. ಹೊಳಿ ದಾಟತಾನಂತ.”

“ನೀವು ಯಾಕ ತಡೀಲಿಲ್ರಿ?”

“ಓಡಿಸಿದಾಂವ ನಾ ಅಲ್ಲ.”

ಅಡವಯ್ಯ ಬರಿಗಾಲಲ್ಲಿ ಓಡಿದ. ಮುಷ್ಟಿಯಲ್ಲಿ ದಾರ ಇರುವುದೂ ಅವನಿಗೆ ನೆನಪಿರಲಿಲ್ಲ.

ದೋಣಿ ಆಚೆ ದಡದಲ್ಲಿತ್ತು. ಈಚೆ ಯಮನಪ್ಪ ಗಂಟು ಪಕ್ಕಕ್ಕಿಟ್ಟುಕೊಂಡು ಕೂತಿದ್ದ.

“ಯಮನಪ್ಪಣ್ಣಾ!”

ಮೂರು ವರ್ಷದಲ್ಲಿ ಅಡವಯ್ಯ ಅವನನ್ನು ಅಣ್ಣ ಅಂದದ್ದು ಅದೇ ಮೊದಲು. ಯಮನಪ್ಪ ತಿರುಗಿ ನೋಡಿದ. ಏನೂ ಕೇಳದೆ ಗಂಟು ಬಿಚ್ಚಿ ಹರಡಿದ.

“ನೋಡ್ಕೋರಿ ಅಯ್ನೋರ. ಎರಡು ಧೋತರ, ಒಂದು ಕುಡುಗೋಲು. ಕುಡುಗೋಲು ನಂದ ಐತ್ರಿ, ಬರೂಮುಂದ ತಂದಿದ್ದೆ.”

ಅಡವಯ್ಯನ ಕಣ್ಣಲ್ಲಿ ನೀರು ಬಂತು.

“ಕಟ್ಟು, ಕಟ್ಟು. ನಾ ಅದಕ್ಕ ಬಂದಿಲ್ಲ. ಪೆಟ್ರೋಲ್ ಬಿಸಲಿಗೆ ಹಾರಿ ಹೋಗೇತಿ. ನಾ ಇಟ್ಟ ದಾರದಿಂದ ಮುಚ್ಚಳ ಬಿಗಿ ಆಗಿರಲಿಲ್ಲ.”

“ಗೊತ್ತೈತ್ರಿ.”

“ಗೊತ್ತಿತ್ತು?”

“ಮೊದಲನೇ ದಿನಾನ ಕಂಡೇನ್ರಿ.”

“ಮತ್ತ ನನಗ ಹೇಳಬಾರದಿತ್ತೇನು?”

“ಹೆಂಗ ಹೇಳ್ಲಿ ಅಯ್ನೋರ? ದಾರ ಐತಿ ಅಂದ್ರ, ನಿನಗ ಹೆಂಗ ಗೊತ್ತಾತು ಅಂತಿದ್ರಿ. ಮುಚ್ಚಳ ಬಿಗಿ ಮಾಡಿದ್ರ ದಾರ ಜರಗತಿತ್ತು. ಅದಕ್ಕ ಆ ಕ್ಯಾನಿನ ಹತ್ರಾನ ಹೋಗಲಿಲ್ಲ. ಕುಡುಗೋಲಿಲೆ ಕೊಯ್ದೆ.”

ಅವನ ಅಂಗೈ ಗುಳ್ಳೆಗಳು ಒಡೆದು ಒಣಗಿದ್ದವು. ಅಡವಯ್ಯ ಆ ಕೈ ನೋಡಿದ.

“ತಪ್ಪು ನಂದು. ಮನಿಗೆ ನಡಿ.”

ಯಮನಪ್ಪ ಗಂಟು ಕಟ್ಟಿ ನೀರಿನ ಕಡೆ ನೋಡುತ್ತ ಕೂತ. ದೋಣಿ ಇತ್ತ ಹೊರಟಿತ್ತು. ಅದು ಹತ್ತಿರ ಹತ್ತಿರ ಬಂದ ಹಾಗೆ ಅಡವಯ್ಯನಿಗೆ ಜೀವ ಹೋದ ಹಾಗಾಯಿತು. ಗಂಟು ಎತ್ತಿ ತನ್ನ ತಲೆಯ ಮೇಲೆ ಇಟ್ಟುಕೊಂಡು ಆಶ್ರಮದ ಕಡೆ ನಡೆಯತೊಡಗಿದ.

“ಅಯ್ನೋರು ನನ್ನ ಗಂಟು ಹೊರಬಾರದ್ರಿ,” ಎಂದು ಯಮನಪ್ಪ ಎದ್ದ. ಹಿಂದೆ ಹಿಂದೆ ಬಂದ.

ಗುರುಗಳು ಬೇವಿನ ಕೆಳಗೆ ಕೂತಿದ್ದರು. ಎರಡೂ ಮಷೀನು ಎದುರಿಗಿದ್ದವು.

“ಅಜ್ಜಾರ, ನಾಳೆ ಅಂಗಡ್ಯಾಂವ ಬರ್ತಾನ. ಯಾವುದು ಇಟ್ಕೊಳ್ಳೋಣ್ರಿ?”

“ನನಗೇನು ಗೊತ್ತು? ನಾ ಹುಲ್ಲು ಕೊಯ್ತೀನೇನು?”

ಅಡವಯ್ಯ ಯಮನಪ್ಪನ ಕಡೆ ತಿರುಗಿದ. “ಯಾವುದು ಇರಲಿ, ಯಮನಪ್ಪಣ್ಣ?”

ಯಮನಪ್ಪ ಗುರುಗಳ ಮುಖ ನೋಡಿದ, ಅಡವಯ್ಯನ ಮುಖ ನೋಡಿದ. ನಿಜವಾಗಿ ತನ್ನನ್ನೇ ಕೇಳುತ್ತಿದ್ದಾರೆ ಎಂದು ನಂಬಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು.

“ಬ್ಯಾಟರಿದ ಇರಲಿ ರಿ.”

ಅಡವಯ್ಯ ಬೆಚ್ಚಿದ. “ಯಾಕ?”

“ಪೆಟ್ರೋಲ್ ಹೊಗಿ ನನಗ ಆಗಿಬರೂದಿಲ್ರಿ. ಒಮ್ಮಿ ಕೊಯ್ದ್ರ ಎಂಟು ದಿನ ರಾತ್ರಿ ಕೆಮ್ಮು ಬಿಡೂದಿಲ್ಲ, ಎದಿ ಹಿಡಿತೈತಿ. ಹೊಳಿ ದಂಡಿಗೆ ಜೇಕಿನ ಹುಲ್ಲು ಬಲತೈತಿ, ಅಲ್ಲಿ ಇದರ ಶಕ್ತಿ ಸಾಲೂದಿಲ್ಲ. ಅಷ್ಟಕ್ಕ ಕುಡುಗೋಲು ಹಿಡಿತೀನಿ.”

“ಎರಡು ವರ್ಷ ಯಾಕ ಹೇಳಲಿಲ್ಲ?”

“ನೀವು ಕೇಳಲಿಲ್ರಲ್ಲ.”

ಅಡವಯ್ಯ ತಲೆ ತಗ್ಗಿಸಿದ. ಆಗ ತನ್ನ ಮುಷ್ಟಿ ಇನ್ನೂ ಬಿಗಿಯಾಗಿಯೇ ಇದೆ ಎಂದು ಗೊತ್ತಾಯಿತು. ಬಿಚ್ಚಿದ. ಕೆಂಪು ದಾರ ಬೆವರಿಗೆ ಒದ್ದೆಯಾಗಿತ್ತು.

“ಇದನ್ನೇನು ಮಾಡ್ಲಿ ಅಜ್ಜಾರ? ಗದ್ದಿಗಿ ದಾರ, ಒಗಿಯಾಕ ಬರೂದಿಲ್ಲ. ಪೆಟ್ರೋಲ್ ನಾರತೈತಿ, ಗದ್ದಿಗಿ ಮ್ಯಾಲೆ ಇಡಾಕೂ ಬರೂದಿಲ್ಲ.”

ಗುರುಗಳು ದಾರ ತೆಗೆದುಕೊಂಡರು. ಅಡವಯ್ಯನ ಬಲಗೈ ಎಳೆದು, ಮಣಿಕಟ್ಟಿಗೆ ಸುತ್ತಿ ಗಂಟು ಹಾಕಿದರು.

“ಇಲ್ಲೇ ಇರಲಿ. ಯಾರರ ನಿನ್ನ ಕೈ ಮೂಸಿ ಕಳ್ಳ ಅಂದ್ರ, ಬಂದು ನನಗ ಹೇಳು.”