ಮಿಣುಕಿಗೆ ತಾಗಿದ ಕಣ್ಣು

ಲೋಕ ಆಗಷ್ಟೇ ಹುಟ್ಟಿತ್ತು. ಬೆಟ್ಟಗಳ ಮೈ ಇನ್ನೂ ಹಸಿ. ಯಾವ ಕಡೆ ಹರಿಯಬೇಕೆಂದು ನದಿಗಳಿಗೇ ಗೊತ್ತಿರಲಿಲ್ಲ. ಆಗ ನಕ್ಷತ್ರಗಳೆಲ್ಲ ಭೂಮಿತಾಯಿಯ ಮಕ್ಕಳು. ಬೆಟ್ಟದ ತುದಿಯಲ್ಲಿ ಕೂತು ಆಡುತ್ತಿದ್ದವು, ಹಸಿವಾದರೆ ಕೆಳಗಿಳಿದು ಅಮ್ಮನ ಹತ್ತಿರ ಬರುತ್ತಿದ್ದವು.

ಎಲ್ಲರಿಗಿಂತ ಕಿರಿಯವಳು ಮಿಣುಕಿ, ಅಂಬೆಗಾಲಿಡುವ ಕೂಸು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಈ ಕೂಸೋ ನಿಜವಾಗಿಯೂ ಮುದ್ದಾಗಿತ್ತು, ಇನ್ನು ಆ ತಾಯಿಯನ್ನು ಕೇಳಬೇಕೆ? "ನೋಡ್ರೋ, ನನ್ ಕೂಸು ನಕ್ತು! ನೋಡ್ರೋ, ಸೀನ್ತು!" ಎಂದು ಕಂಡಕಂಡವರನ್ನೆಲ್ಲ ಕರೆದು ತೋರಿಸುವಳು. ಮಗುವಿನ ಮೇಲಿಟ್ಟ ಕಣ್ಣನ್ನು ತೆಗೆಯುತ್ತಲೇ ಇರಲಿಲ್ಲ.

ಒಂದು ದಿನ ಮಿಣುಕಿ ಮಂಕಾದಳು. ನಗಲಿಲ್ಲ, ಆಡಲಿಲ್ಲ. ಅವಳ ಬೆಳಕು ಎಣ್ಣೆ ತೀರಿದ ದೀಪದ ಹಾಗೆ ಸಣ್ಣಗಾಯಿತು.

"ಅಯ್ಯೋ, ದೃಷ್ಟಿ ತಾಗಿದೆ!" ಎಂದು ಭೂಮಿತಾಯಿ ಬಾಯಿ ಬಡಿದುಕೊಂಡಳು.

ಮೊದಲು ಕೆನ್ನೆಗೆ ಕಾಡಿಗೆಯ ಬೊಟ್ಟಿಟ್ಟಳು. ನಕ್ಷತ್ರದ ಕೆನ್ನೆಗೆ ಕಾಡಿಗೆ! ಇಟ್ಟಿದ್ದೆಲ್ಲ ಚುರ್ ಎಂದು ಸುಟ್ಟುಹೋಯಿತು, ತಾಯಿಯ ಬೆರಳಷ್ಟೇ ಕಪ್ಪಾಯಿತು. ಗಾಬರಿಯಾದ ತಾಯಿಗೆ ಬುದ್ಧಿ ಹೇಳುವವರು ಯಾರು?

ಆಮೇಲೆ ಸೆರಗು ಸಿಕ್ಕಿಸಿ ವಿಚಾರಣೆಗೆ ನಿಂತಳು. "ಯಾರ ಕಣ್ಣಿದು? ಹೇಳಿ!"

"ನಾನು ನೋಡೋದೇ ಓರೆಗಣ್ಣಲ್ಲಿ," ಎಂದಿತು ಕಾಗೆ. "ಅರ್ಧ ನೋಟಕ್ಕೆಲ್ಲಾ ದೃಷ್ಟಿ ಆಗುತ್ತಾ?"

"ನಾನು ಹುಲ್ಲು ಬಿಟ್ಟು ತಲೆ ಎತ್ತಿದ್ದನ್ನ ಯಾವತ್ತಾದ್ರೂ ಕಂಡಿದ್ದೀಯಾ?" ಎಂದಿತು ಎಮ್ಮೆ.

ಎಲ್ಲರೂ ಮೆಲ್ಲಗೆ ಕಪ್ಪೆಯ ಕಡೆ ತಿರುಗಿದರು. ಕಪ್ಪೆ ಅಳತೊಡಗಿತು. "ಇದು ನನ್ ಹುಟ್ಟುಗಣ್ಣು ಕಣ್ರಮ್ಮಾ! ಯಾರನ್ನೋ ನೋಡಿ ಬಾಯ್ಬಿಟ್ಟು ಅಗಲ ಮಾಡ್ಕೊಂಡಿದ್ದಲ್ಲ!"

ಅಷ್ಟರಲ್ಲಿ ಆಮೆಯಜ್ಜಿ ಬಂದಳು. ಜಗಳ ಶುರುವಾದಾಗಲೇ ಹೊರಟಿದ್ದಳು, ಪಾಪ. ದೃಷ್ಟಿ ತೆಗೆಯುವುದರಲ್ಲಿ ಅವಳದು ಎತ್ತಿದ ಕೈ.

"ಉಪ್ಪು, ಒಣಮೆಣಸಿನಕಾಯಿ ತಾ," ಎಂದಳು. "ಯಾರ ಹೆಸರು ಹೇಳಿದಾಗ ಬೆಂಕೀಲಿ ಚಟಪಟ ಅನ್ನುತ್ತೋ ಅವರದೇ ಕಣ್ಣು."

ಕೂಸಿನ ಸುತ್ತ ನಿವಾಳಿಸಿ, ಚಿಟಿಕೆ ಚಿಟಿಕೆಯಾಗಿ ಬೆಂಕಿಗೆ ಹಾಕಿದಳು. "ಕಾಗೆ ಕಣ್ಣು!" ಸದ್ದಿಲ್ಲ. "ಎಮ್ಮೆ ಕಣ್ಣು!" ಸದ್ದಿಲ್ಲ. "ಕಪ್ಪೆ ಕಣ್ಣು!" ಸದ್ದಿಲ್ಲ. ಕಪ್ಪೆ ಸಂತೋಷಕ್ಕೆ ಒಂದು ಸಲ ಕುಪ್ಪಳಿಸಿತು.

"ಹೆತ್ತವಳ ಕಣ್ಣು!"

ಚಟಪಟ, ಚಟಪಟ, ಚಟಪಟ!

ಭೂಮಿತಾಯಿ ಕುಸಿದು ಕೂತಳು. "ನಾನಾ? ನಾನು ಪ್ರೀತಿಯಿಂದ ನೋಡಿದ್ದಲ್ವಾ?"

"ತಾಯಿ ಕಣ್ಣೇ ಮೊದಲು ತಾಗೋದು ಮಗಳೇ. ಇನ್ಮೇಲೆ ನೋಡ್ಬೇಡ. ನೋಡಿದ್ರೆ ಕೂಸು ಆರಿಹೋಗುತ್ತೆ."

ಭೂಮಿತಾಯಿ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಳು. ಎಷ್ಟು ಹೊತ್ತು? ಕೂಸು ಒಂದು ಸಲ ಸೀನುವಷ್ಟು ಹೊತ್ತು. "ನೆಗಡಿಯಾಯ್ತೇನೋ!" ಎಂದು ತಟ್ಟನೆ ನೋಡಿಬಿಟ್ಟಳು. ಮಿಣುಕಿ ಇನ್ನಷ್ಟು ಮಂಕಾದಳು. ಈಗ ಯಾರಿಗೂ ನಗು ಬರಲಿಲ್ಲ.

ಆಮೆಯಜ್ಜಿ ಬಹಳ ಯೋಚಿಸಿದಳು. "ನಕ್ಷತ್ರ ಹೇಗೆ ಕಾಣುತ್ತೋ ಆ ನೋಟಾನ ಬುಟ್ಟೀಲಿ ಹೊತ್ತು ತರೋನು ಬೆಳಕಣ್ಣ. ಕೂಸನ್ನ ದೂರ ಇಟ್ರೆ, ಅವನು ಬರೋ ಹೊತ್ತಿಗೆ ನೋಟ ಹಳೇದಾಗಿರುತ್ತೆ. ನಿನ್ನ ಕಣ್ಣು ಆ ಹಳೇ ಮಿಣುಕಿಗೆ ತಾಗ್ಲಿ ಬಿಡು. ಈಗಿನ ಮಿಣುಕಿ ಪಾರಾಗ್ತಾಳೆ."

ಗಾಳಿ ಕೂಸನ್ನು ಎತ್ತಿಕೊಂಡು ಹಾರಿತು. "ಸಾಕಾ?" ಎಂದಿತು.

ಬೆಳಕಣ್ಣ ಒಂದೇ ಉಸಿರಿಗೆ ಬಂದುಬಿಟ್ಟ. ನೋಟ ಇನ್ನೂ ಬಿಸಿಬಿಸಿಯಾಗಿತ್ತು.

"ಇನ್ನೂ ದೂರ!" ಎಂದಳು ಆಮೆಯಜ್ಜಿ.

"ಸಾಕಾ?"

"ಇನ್ನೂ ದೂರ!"

"ನನ್ ಸೊಂಟ ಹೋಯ್ತು ಕಣಜ್ಜೀ!" ಎಂದು ಗಾಳಿ ಗೊಣಗಿತು. ಆದರೂ ಹೋಯಿತು. ಹೋಗಿ ಹೋಗಿ, ಬೆಟ್ಟಗಳ ಮೈಯೆಲ್ಲ ಒಣಗುವಷ್ಟು ಕಾಲವಾದ ಮೇಲೆ, ಬೆಳಕಣ್ಣ ಏದುಸಿರು ಬಿಡುತ್ತಾ ಬುಟ್ಟಿ ಇಳಿಸಿದ. ಒಳಗೆ ಅಂಬೆಗಾಲಿಡುವ ಮಿಣುಕಿಯ ನೋಟವಿತ್ತು.

"ಅಯ್ಯೋ ನನ್ ಬಂಗಾರಾ!" ಎಂದು ತಾಯಿ ಕಣ್ತುಂಬಾ ನೋಡಿದಳು. ಅತ್ತ ಮಿಣುಕಿ ಅಂಬೆಗಾಲು ಬಿಟ್ಟು, ನಡೆದು, ಓಡಿ, ಕುಂಟೆಬಿಲ್ಲೆ ಆಡುತ್ತಿದ್ದಳು. ದೃಷ್ಟಿ ಅವಳನ್ನು ಮುಟ್ಟಲೇ ಇಲ್ಲ. ಥಳಥಳ ಹೊಳೆದಳು.

ಇದನ್ನು ತಿಳಿದ ಮೇಲೆ ತಾಯಿ ಉಳಿದ ಮಕ್ಕಳನ್ನೂ ದೂರ ಕಳಿಸಿದಳು. ಸೂರ್ಯ ಮಾತ್ರ ಬಹಳ ದೂರ ಹೋಗಲಿಲ್ಲ. "ನನ್ನನ್ನ ಯಾರು ದಿಟ್ಟಿಸ್ತಾರೋ ನೋಡೇಬಿಡೋಣ!" ಎಂದ. ದಿಟ್ಟಿಸಲು ಹೋದವರೆಲ್ಲ ಕಣ್ಣೊರೆಸಿಕೊಂಡು ಬಂದರು.

ಹೀಗೆ ಮಕ್ಕಳೆಲ್ಲ ಬದುಕಿಕೊಂಡರು. ಆದರೆ ತಾಯಿಗೆ ಒಂದು ಸಂಕಟ ಉಳಿಯಿತು.

"ಬೆಳಕಣ್ಣಾ, ಮಿಣುಕಿ ಇವತ್ತು ಹೇಗಿದ್ದಾಳೆ?"

"ಇವತ್ತಿಂದು ನನಗೇನ್ ಗೊತ್ತಮ್ಮಾ? ನಾನು ಹೊರಟಾಗ ಇನ್ನೂ ಹಲ್ಲು ಬಂದಿರ್ಲಿಲ್ಲ."

ಭೂಮಿತಾಯಿ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಬುಟ್ಟಿಯ ಕಡೆಗೇ ತಿರುಗಿದಳು. "ಇರ್ಲಿ ಬಿಡು. ದಿನಾ ತಾ. ಹಳೇದೇ ತಾ," ಎಂದಳು.

ಬೆಳಕಣ್ಣ ಈಗಲೂ ತರುತ್ತಿದ್ದಾನೆ, ಕಂದಾ. ಸಂಜೆ ಮಹಡಿಯಲ್ಲಿ ನಿಂತು "ಅಜ್ಜೀ, ಅಗೋ!" ಎಂದು ನೀನು ಬೆರಳು ತೋರಿಸುವ ಆ ಚಿಕ್ಕ ನಕ್ಷತ್ರ, ಅಲ್ಲಿ ನನ್ನ ಹಾಗೆ ಮೊಮ್ಮಕ್ಕಳಿರುವ ಮುದುಕಿಯಾಗಿರಬಹುದು, ಆರಿಯೇ ಹೋಗಿರಬಹುದು, ಆದರೆ ಇಲ್ಲಿ ಅವಳಮ್ಮನಿಗೂ ನಿನಗೂ ಅವಳಿನ್ನೂ ಹಲ್ಲು ಬಾರದ ಕೂಸಾಗಿಯೇ ಕಾಣುತ್ತಾಳೆ.