ತೂಬು ಮುಚ್ಚಿದ ಸಂಜೆ

"ನಾಡು ಕಟ್ಟಿದವರ ತಪ್ಪನ್ನು ಬರೆದರೆ ಅದು ಉಂಡ ಮನೆಗೆ ಎರಡು ಬಗೆದಂತೆ ಆಗುವುದಿಲ್ಲವೆ, ಗುರುಗಳೇ?" ಎಂದು ಬೋರಲಿಂಗ ಕೇಳಿದ.

ದೊರೆಯನ್ನು ಓಡಿಸಿ ನಾಡನ್ನು ಪ್ರಜೆಗಳ ಕೈಗಿತ್ತ ನಾಯಕನ ಚರಿತ್ರೆ ಬರೆಯುವ ಕೆಲಸ ಅವನ ಪಾಲಿಗೆ ಬಂದಿತ್ತು. ನಾಯಕನೆಂದರೆ ಅವನಿಗೆ ಪ್ರಾಣ. ಮುದುಕರಿಂದ ಕೇಳಿ ಬರೆದುಕೊಂಡಿದ್ದ ಒಂದು ಹಾಳೆಯನ್ನು ಆ ಬೆಳಿಗ್ಗೆ ಪುಸ್ತಕದಿಂದ ಹರಿದಿದ್ದ. ಒಲೆಗೆ ಹಾಕಲು ಮನಸ್ಸು ಬಾರದೆ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಿದ್ದ. ಅದರ ಅಂಚು ಹೊರಗೆ ಕಾಣುತ್ತಿದ್ದುದನ್ನು ಅವನು ಗಮನಿಸಿರಲಿಲ್ಲ.

ಗುರುಗಳು ಒಂದು ಕತೆ ಹೇಳಿದರು.

ಒಂದು ನಾಡಿನಲ್ಲಿ ದೊರೆ ಕೆರೆಯ ತೂಬಿಗೆ ಬೀಗ ಹಾಕಿಸಿದ್ದ. ನೀರೆಲ್ಲ ಅವನ ಗದ್ದೆಗೇ. ಒಬ್ಬ ರೈತ ಜನರನ್ನು ಕೂಡಿಸಿದ, ಬೀಗ ಒಡೆದ, ತೂಬು ಎತ್ತಿದ. ದೊರೆ ಓಡಿಹೋದ. ರೈತ ನಾಡಿನ ನಾಯಕನಾಗಿ ಬಹುಕಾಲ ಬಾಳಿ ಸತ್ತ. ತೂಬಿನ ಪಕ್ಕದಲ್ಲಿ ಜನ ಅವನ ವಿಗ್ರಹ ನಿಲ್ಲಿಸಿದರು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಭಕ್ತಿ ತಲೆಗೇರಿದ ಮೇಲೆ ಬುದ್ಧಿಗೆ ಜಾಗವೆಲ್ಲಿ? ಅವನ ತಿಥಿಯ ದಿನ ತೂಬು ತೆಗೆದರು. ಅವನು ತೆಗೆದ ತೂಬನ್ನು ಮುಚ್ಚುವುದು ದ್ರೋಹ ಎಂದು ಕಟ್ಟಳೆ ಮಾಡಿದರು.

ಕೆರೆ ಮೊಣಕಾಲುದ್ದಕ್ಕೆ ಇಳಿಯಿತು. ನೀರು ಹಂಚುವ ಮುದಿ ನೀರುಗಂಟಿ ನೋಡಲಾರದೆ ತೂಬು ಮುಚ್ಚಿದ. ಅವನನ್ನು ಹಿಡಿದು ಪಂಚರ ಮುಂದೆ ನಿಲ್ಲಿಸಿದರು.

"ಅವರು ತೆಗೆದದ್ದನ್ನ ಮುಚ್ಚೋಕೆ ನೀನ್ಯಾರು?" ಎಂದರು ಪಂಚರು.

"ಬೀಗ ಒಡೆದ ದಿನ ನಾನು ಅವರ ಜೊತೆಗಿದ್ದೆ ಸ್ವಾಮಿ," ಎಂದ ಮುದುಕ. "ಎಷ್ಟು ನೀರು ಬಿಡಬೇಕು ಅನ್ನೋದು ಅವರಿಗೆ ತಿಳೀಲಿಲ್ಲ. ಕೆಳಗಿನ ಕೇರಿ ಮುಳುಗ್ತು. ನನ್ನ ಮಗಳೂ ಹೋದಳು. ಸಂಜೆ ಕುತ್ತಿಗೆಮಟ್ಟ ನೀರಿಗಿಳಿದು ಅವರೇ ತೂಬು ಮುಚ್ಚಿದರು. ನನ್ನ ಕೈ ಹಿಡಿದು ಅತ್ತರು. 'ನನಗೆ ತೆಗೆಯೋದು ಮಾತ್ರ ಗೊತ್ತಿತ್ತು ಕಣಪ್ಪ, ಮುಚ್ಚೋದನ್ನ ನೀನು ನೋಡ್ಕೋ' ಅಂದರು. ಅವರು ಕೊಟ್ಟ ಕೆಲಸಾನೇ ಮಾಡ್ತಿದ್ದೀನಿ."

ಪಂಚರು ನಾಡಿನ ಚರಿತ್ರೆಯ ಗ್ರಂಥ ತರಿಸಿ ನೋಡಿದರು. ಬೀಗ ಒಡೆದ ಬೆಳಗಿನ ವರ್ಣನೆಯೇ ನಲವತ್ತು ಪುಟ ಇತ್ತು. ಸಂಜೆಯ ಸುದ್ದಿಯೇ ಇರಲಿಲ್ಲ. ಮುದುಕ ಸುಳ್ಳುಗಾರನಾದ. ಅವನನ್ನು ಗಡಿ ದಾಟಿಸಿ, ತೂಬನ್ನು ಮತ್ತೆ ತೆಗೆದರು. ಮರುವರ್ಷದ ತಿಥಿಗೆ ಆ ಕೆರೆಯಲ್ಲಿ ವಿಗ್ರಹದ ಕಾಲು ತೊಳೆಯುವಷ್ಟೂ ನೀರಿರಲಿಲ್ಲ.

ಬೋರಲಿಂಗ ಸಿಟ್ಟಾದ. ಆ ಸಂಜೆಯನ್ನು ಬರೆಯದೆ ಬಿಟ್ಟವನೇ ಮುದುಕನ ಬಾಯಿಗೆ ಮಣ್ಣು ಹಾಕಿದ, ಕೆರೆಗೂ ಹಾಕಿದ, ಅವನಿಗೆ ನಾಯಕನ ಮೇಲೆ ಎಳ್ಳಷ್ಟೂ ಪ್ರೀತಿ ಇರಲಿಲ್ಲ ಎಂದ.

"ಅವನಿಗೂ ನಾಯಕನೆಂದರೆ ಪ್ರಾಣವಪ್ಪ," ಎಂದರು ಗುರುಗಳು, "ನಿನ್ನ ಸೊಂಟದಲ್ಲಿರುವ ಹಾಳೆ ಬೆಳಗಿನದೋ, ಸಂಜೆಯದೋ?"