ಬೇವು ಕಟ್ಟಿದ ಬಾಗಿಲು

"ಅಜ್ಜಾರ, ಕೊಲೆ ಮಾಡಿದಾಂವನ್ನ ಓಣಿಯಿಂದ ಹೊರಗ ಹಾಕೂದು ತಪ್ಪೇನ್ರಿ?" ಎಂದು ಗುರುಪಾದ ಕೇಳಿದ. "ನಮ್ಮ ಓಣಿ ಹುಚ್ಚೀರಪ್ಪ ಜೈಲಿನಿಂದ ಬಿಡುಗಡೆ ಆಗಿ ಬಂದಾನ. ಓಣ್ಯಾಗ ವಯಸ್ಸಿಗೆ ಬಂದ ಹುಡುಗರದಾರ, ನನ್ನ ಮಗನೂ ಅದಾನ. ಅಂವ ಹೋದ್ರ ಓಣಿ ತಣ್ಣಗ ಇರ್ತೈತಿ."

ಅಜ್ಜನವರು ಮಠದ ಕಟ್ಟೆಯ ಮೇಲೆ ಎಳೆಬಿಸಿಲಿಗೆ ಕುಳಿತಿದ್ದರು. ತಪ್ಪು ಅನ್ನಲಿಲ್ಲ, ಸರಿ ಅನ್ನಲಿಲ್ಲ. ಕಣ್ಣು ಮುಚ್ಚಿಕೊಂಡೇ ಈ ಕತೆ ಹೇಳಿದರು.

ಒಂದು ನಗರವಿತ್ತು. ನಗರದ ನಡುವೆ ಹೊಳೆ. ಹೊಳೆಯ ಎರಡು ದಂಡೆಗೂ ಬಟ್ಟೆಗೆ ಬಣ್ಣ ಹಾಕುವವರ ಓಣಿಗಳು. ಆಚೆಯವರು ನೀಲಿ ಅದ್ದುತ್ತಿದ್ದರು. ಈಚೆಯವರು, ಸ್ವಲ್ಪ ಕೆಳಗೆ, ಅರಿಶಿನದ ಬಣ್ಣ ಅದ್ದುತ್ತಿದ್ದರು. ನೀಲಿ ನೀರು ಹರಿದು ಬಂದು ಹಳದಿ ಬಟ್ಟೆಯನ್ನೆಲ್ಲ ಹಸಿರು ಮಾಡುತ್ತಿತ್ತು. ಮುಂಜಾನೆ ಹೊಳೆಯ ಮೇಲೆ ಮಂಜು ಕೂತಿರುವಷ್ಟು ಹೊತ್ತು ನೀರು ಯಾವ ಬಣ್ಣದ್ದೆಂದು ಯಾರಿಗೂ ಕಾಣುತ್ತಿರಲಿಲ್ಲ. ಮಂಜು ಸರಿದ ಮೇಲೆ ಜಗಳ ಶುರುವಾಗುತ್ತಿತ್ತು.

ಅಂಥ ಒಂದು ಜಗಳದಲ್ಲಿ ಈಚೆಯ ಓಣಿಯ ಬಣ್ಣಗಾರನೊಬ್ಬ ಆಚೆಯವನೊಬ್ಬನ ಕೈಯಲ್ಲಿ ಸತ್ತ. ಅವನಿಗೊಬ್ಬ ತಮ್ಮನಿದ್ದ. ಅಣ್ಣ ಸತ್ತರೆ ತಮ್ಮ ಏನು ಮಾಡುತ್ತಾನೆಂದು ಆ ನಗರದಲ್ಲಿ ಯಾರೂ ಕೇಳುತ್ತಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ತಮ್ಮ ಊಟ ಬಿಟ್ಟ. ಆಚೆ ದಂಡೆಯಲ್ಲಿ ಕಲ್ಲಿನ ಮೇಲೆ ಬಟ್ಟೆ ಒಗೆಯುವ ಸದ್ದಾದರೆ, ಅದರೊಳಗೆ ಅಣ್ಣ ತನ್ನ ಹೆಸರು ಹಿಡಿದು ಕರೆದಂತೆ ಅವನಿಗೆ ಕೇಳಿಸುತ್ತಿತ್ತು. ಕುಡುಗೋಲು ತೆಗೆದು ಮಸೆಯುತ್ತ ಕೂತ. ತಾಯಿ ನೋಡುತ್ತಿದ್ದಳು. ಒಬ್ಬ ಮಗ ಮಣ್ಣಾಗಿದ್ದ. ಇನ್ನೊಬ್ಬ ಮಣ್ಣಿಗೋ ಗಲ್ಲಿಗೋ ಹೊರಟು ನಿಂತಿದ್ದ.

ಓಣಿಯ ಹಿರಿಯರು ಬುದ್ಧಿ ಹೇಳಲು ಬಂದರು. ತುಂಬ ಒಳ್ಳೆಯವರು, ಹುಟ್ಟಿದಾಗಿನಿಂದ ಒಂದು ಇರುವೆಯನ್ನೂ ತುಳಿದವರಲ್ಲ. 'ಸಮಾಧಾನ, ಸಮಾಧಾನ' ಎನ್ನುತ್ತ ಒಳಗೆ ಹೋದರು. ಹುಡುಗನ ಕಣ್ಣು ನೋಡಿದರು, ಅವನ ಮಾತು ಕೇಳಿದರು. ಹೊರಗೆ ಬರುವಾಗ ಅವರ ಮೀಸೆ ಕುಣಿಯುತ್ತಿತ್ತು. "ಅವರನ್ನ ಹಂಗ ಬಿಡಬಾರದು" ಎಂದು ಓಣಿಯ ತುಂಬ ಹೇಳಿಕೊಂಡು ಹೋದರು. ಸಂಜೆಯ ಹೊತ್ತಿಗೆ ಅಕ್ಕಪಕ್ಕದ ಮನೆಗಳಲ್ಲೂ ಕುಡುಗೋಲು ಮಸೆಯುವ ಸದ್ದು ಕೇಳಿಸಿತು.

ತಾಯಿಗೆ ಆಗ ಸಿಡುಬಿನ ಕಾಲ ನೆನಪಾಯಿತು. ಆಗಲೂ ಹೀಗೇ, ನೋಡಲು ಬಂದವರೆಲ್ಲ ರೋಗ ಹೊತ್ತುಕೊಂಡು ಹೋಗುತ್ತಿದ್ದರು. ಅದಕ್ಕೇ ಓಣಿಯವರು ಒಂದು ರೂಢಿ ಮಾಡಿಕೊಂಡಿದ್ದರು. ಸಿಡುಬಿನ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುವುದು. ಅದು ಒಣಗುವವರೆಗೆ ಓಣಿಯಲ್ಲಿ ಯಾರೂ ಒಗ್ಗರಣೆ ಹಾಕಬಾರದು, ಸದ್ದು ಮಾಡಬಾರದು. ಆರೈಕೆಗೆ ಒಳಗೆ ಹೋಗುವವರು ಸಿಡುಬು ಬಂದು ಬದುಕಿ ಉಳಿದವರು ಮಾತ್ರ. ಅವರಿಗೆ ಅದು ಮತ್ತೆ ಅಂಟುವುದಿಲ್ಲ.

ಮರುದಿನ ಮಂಜಿನಲ್ಲಿ ಓಣಿಯವರು ಎದ್ದು ನೋಡಿದರೆ ಅವಳ ಬಾಗಿಲಲ್ಲಿ ಬೇವು ತೂಗುತ್ತಿತ್ತು. ಸಿಡುಬೆಂದುಕೊಂಡು ಹೆಂಗಸರು ಬಾಣಲೆ ಕೆಳಗಿಟ್ಟರು. ಮಕ್ಕಳು ಪಿಸುಮಾತಿಗಿಳಿದರು. ಇಡೀ ಓಣಿ ನಿದ್ದೆಯಲ್ಲಿ ಓಡಾಡುತ್ತಿರುವಂತೆ ಇತ್ತು. ಸಿಡುಬಲ್ಲವೆಂದು ಆಮೇಲೆ ತಿಳಿಯಿತು. ಆದರೂ ಕಟ್ಟಿದ ಬೇವನ್ನು ಹಸಿಯಿರುವಾಗ ಕೀಳುವ ರೂಢಿ ಅಲ್ಲಿರಲಿಲ್ಲ. ಸದ್ದು ಮಾಡುವಂತಿಲ್ಲವೆಂದು ಅಕ್ಕಪಕ್ಕದವರು ಮಸೆಯುವುದನ್ನೂ ಬಿಟ್ಟರು.

ಇನ್ನು ಆರೈಕೆಗೆ ಯಾರು? ಊರಾಚೆಯ ಹಾಳು ಸುಣ್ಣದ ಗೂಡಿನಲ್ಲಿ ಒಬ್ಬನಿದ್ದ. ತನ್ನ ತಮ್ಮನನ್ನು ಕೊಂದವನನ್ನು ಕೊಂದು, ಸೆರೆಯಲ್ಲಿದ್ದು ಬಂದವನು. ಒಲೆ ಹಚ್ಚಲು ಓಣಿಯವರು ಅವನಿಗೆ ಒಂದು ಕೆಂಡವನ್ನೂ ಕೊಡುತ್ತಿರಲಿಲ್ಲ. ತಾಯಿ ಹೋಗಿ ಅವನ ಮುಂದೆ ನಿಂತಳು.

"ನಿನಗ ಬಂದಿದ್ದೇ ನನ್ನ ಮಗಗೂ ಬಂದೈತಿ. ಬಂದು ಅವನ ಹತ್ರ ಕೂಡಪ್ಪಾ."

ಅವನು ಬಂದು ಹುಡುಗನ ಪಕ್ಕದಲ್ಲಿ ಕೂತ. ಬುದ್ಧಿ ಹೇಳಲಿಲ್ಲ. ಕುಡುಗೋಲು ಕೊಡೆಂದು ಕೇಳಲಿಲ್ಲ. ತಾಯಿ ಕೊಟ್ಟ ಮಜ್ಜಿಗೆಯಲ್ಲಿ ಅರ್ಧ ಕುಡಿದು, ಉಳಿದರ್ಧ ಹುಡುಗನ ಕಡೆಗೆ ಸರಿಸಿದ. ಆಚೆ ದಂಡೆಯಲ್ಲಿ ಬಟ್ಟೆ ಒಗೆಯುವ ಸದ್ದು ಎದ್ದಿತು. ಹುಡುಗ ಕುಡುಗೋಲು ಹಿಡಿದು ಎದ್ದು ನಿಂತ.

"ಅಣ್ಣ ಕರೀಲಿಕ್ಕತ್ತಾನ," ಎಂದ.

"ಕರೀತಾನ, ನನಗೂ ನನ್ನ ತಮ್ಮ ಕರೀತಿದ್ದ," ಎಂದ ಅವನು. "ಕೊಂದ್ರ ಸುಮ್ಮನಾಗ್ತಾನ ಅಂತ ತಿಳಿದೆ. ಈಗ ಇಬ್ಬರೂ ಕರೀತಾರ."

ಹುಡುಗ ನಿಂತೇ ಇದ್ದ. ಮಂಜು ಒಳಗೂ ಬಂದಿತ್ತೋ ಏನೋ, ಒಬ್ಬರ ಮುಖ ಒಬ್ಬರಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಬಹಳ ಹೊತ್ತಿನ ಮೇಲೆ ಹುಡುಗ ಕೂತ. ಅಣ್ಣ ಸತ್ತ ಮೇಲೆ ಮೊದಲ ಸಲ ಅತ್ತ. ಆಮೇಲೆ ಮಜ್ಜಿಗೆ ಕುಡಿದ.

ಬೇವು ಒಣಗುವವರೆಗೂ ಆ ಮನುಷ್ಯ ಅಲ್ಲೇ ಇದ್ದ. ಹುಡುಗ ಎದ್ದಾಗ ತಾನೂ ಏಳುತ್ತಿದ್ದ, ಹುಡುಗ ಕೂತಾಗ ಕೂರುತ್ತಿದ್ದ. ಒಂದು ಮುಂಜಾನೆ ಇಬ್ಬರೂ ಹೊರಗೆ ಬಂದು ನೋಡಿದರು. ಮಂಜು ಸರಿದಂತೆ ಆಚೆ ದಂಡೆಯ ಒಂದು ಬಾಗಿಲಲ್ಲೂ ಬೇವು ಕಂಡಿತು. ಅದು ಅಣ್ಣನನ್ನು ಕೊಂದವನ ಮನೆ. ಸೇಡಿಗೆ ಬರುವವರ ಭಯದಲ್ಲಿ ಅವನೂ ಅಲ್ಲಿ ಮಸೆಯುತ್ತ ಕೂತಿದ್ದ. ಈಚೆಯ ಬೇವು ನೋಡಿ ಅವನ ತಾಯಿಯೂ ಕಟ್ಟಿದ್ದಳು.

ಹುಡುಗ ಕುಡುಗೋಲನ್ನು ತಾಯಿಯ ಕೈಗೆ ಕೊಟ್ಟ. ಅವಳು ಅದನ್ನು ಹಿಡಿದು ಆಕಳಿಗೆ ಹುಲ್ಲು ಕೊಯ್ಯಲು ಹೋದಳು. ಓಣಿಯಲ್ಲಿ ಯಾರೋ ಒಗ್ಗರಣೆ ಹಾಕಿದರು.

ಅಜ್ಜನವರು ಕಣ್ಣು ತೆರೆದರು.

"ಹುಚ್ಚೀರಪ್ಪನ್ನ ಬೇಕಾದ್ರ ಓಡಸು," ಎಂದರು ಅಜ್ಜನವರು, "ನಾಳೆ ನಿನ್ನ ಮಗನ ಸಲುವಾಗಿ ನಿನ್ನ ಬಾಗಲಕ್ಕ ಬೇವು ಕಟ್ಟೂ ಹೊತ್ತು ಬಂದ್ರ, ಒಳಗ ಕೂಡಾಕ ಯಾರನ್ನ ಕರೀತಿ?"